ಉಬ್ಬಸದ ಮದ್ದು ಎದೆಗೆ ಇಳಿಯುವ ಬಗೆ

ಉಸಿರಾಟವು ನಮಗೆ ಎಷ್ಟು ಸಹಜವಾದ ಕ್ರಿಯೆಯೆಂದರೆ, ಅದು ಸರಾಗವಾಗಿ ನಡೆಯುತ್ತಿರುವ ತನಕ ಅದರ ಇರವೇ ನಮ್ಮ ಗಮನಕ್ಕೆ ಬರುವುದಿಲ್ಲ. ಅದು ತಡೆದಾಗ ಮಾತ್ರ, ಗಾಳಿಯನ್ನೂ ದುಡಿದು ಸಂಪಾದಿಸಬೇಕಾದೀತೆಂಬ ಸಂಗತಿ ಅರಿವಾಗುತ್ತದೆ. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆದ ಒಂದು ಸಣ್ಣ ಘಟನೆ ನನಗೆ ಇದನ್ನು ಕಣ್ಣಾರೆ ತೋರಿಸಿತು.

ಅಂದು ಬೀರುಗಳ ಧೂಳು ಕೊಡವಿ ಹಳೆಯ ಉಪಕರಣಗಳನ್ನು ಹೊರತೆಗೆದಿದ್ದೆವು. ಸ್ವಲ್ಪ ಹೊತ್ತಿನಲ್ಲಿಯೇ ಒಬ್ಬ ವಿದ್ಯಾರ್ಥಿಗೆ ಉಬ್ಬಸ ಕೆರಳಿತು. ಅವನು ಜೇಬಿನಿಂದ ಇನ್‌ಹೇಲರನ್ನು, ಅಂದರೆ ಜನರು ‘ಪಂಪು’ ಎಂದು ಕರೆಯುವ ಮದ್ದಿನ ಡಬ್ಬಿಯನ್ನು, ತೆಗೆದು ಬಾಯಿಗೆ ಹಿಡಿದು ಒತ್ತಿದ. ಒಂದು, ಎರಡು, ಐದು ಬಾರಿ ಒತ್ತಿದ. ಪ್ರತಿ ಸಲವೂ ಬಿಳಿಯ ಮಂಜು ಅವನ ತುಟಿಗಳ ನಡುವಿನಿಂದಲೇ ಹೊರಬಂದು, ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಹೊಳೆದು ಕರಗಿಹೋಯಿತು. ಎದೆಯ ಸುಂಯ್‌ಗುಡುವಿಕೆ ಮಾತ್ರ ಇಳಿಯಲಿಲ್ಲ. ಅಷ್ಟರಲ್ಲಿ ಅದೇ ರೋಗದಿಂದ ಬಹುಕಾಲ ನರಳಿದ್ದ ಅವನ ಸಹಪಾಠಿಯೊಬ್ಬ ಮುಂದೆ ಬಂದ. “ಒತ್ತಬೇಡ ಕಣೋ, ಮೊದಲು ನೆಟ್ಟಗೆ ಕೂತುಕೊ. ಇರುವ ಉಸಿರನ್ನು ಬಿಡು. ಈಗ ನಿಧಾನವಾಗಿ ಎಳೆದುಕೊ” ಎಂದು ಹೇಳುತ್ತ, ಎಳೆಯತೊಡಗಿದ ಕ್ಷಣಕ್ಕೆ ಸರಿಯಾಗಿ ಡಬ್ಬಿಯನ್ನು ಒತ್ತಿಸಿದ. ಈ ಸಲ ಮಂಜು ಹೊರಗೆ ಕಾಣಲಿಲ್ಲ. ಹೀಗೆ ಎರಡು ಬಾರಿಯಾದ ಮೇಲೆ, ಕೆಲವು ನಿಮಿಷಗಳೊಳಗಾಗಿ ಹುಡುಗನ ಮುಖಕ್ಕೆ ಕಳೆ ಬಂದಿತು.

ಡಬ್ಬಿ ಒಂದೇ, ಮದ್ದು ಒಂದೇ, ರೋಗಿಯೂ ಒಬ್ಬನೇ. ಹಾಗಾದರೆ ಮೊದಲಿನ ಐದು ಪಾಲು ಮದ್ದು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ವೈದ್ಯಶಾಸ್ತ್ರದಲ್ಲಿ ಎಷ್ಟಿದೆಯೋ ಭೌತವಿಜ್ಞಾನದಲ್ಲಿಯೂ ಅಷ್ಟೇ ಇದೆ. ಮದ್ದು ಎದೆಗೆ ಇಳಿಯದೆ ಹೋಗುವುದು ಒಂದು ಅಪಾಯ. ಅದು ಚೆನ್ನಾಗಿ ಇಳಿದು, ಕೊಡುವ ಸುಖದಿಂದಲೇ ನಮ್ಮನ್ನು ಮೋಸಗೊಳಿಸುವುದು ಇನ್ನೊಂದು ಅಪಾಯ. ಈ ಎರಡನ್ನೂ ಅರಿತವನು ಮಾತ್ರ ಈ ಡಬ್ಬಿಯನ್ನು ಸುರಕ್ಷಿತವಾಗಿ ಬಳಸಬಲ್ಲನು.

ನಾಲ್ಕನೆಯ ಘಾತದ ಲೆಕ್ಕ

ನಮ್ಮ ಶ್ವಾಸನಾಳವು ತಲೆಕೆಳಗಾದ ಮರದಂತಿದೆ. ಕಾಂಡವಾದ ಮುಖ್ಯನಾಳದ ಅಗಲ ಸುಮಾರು ೧೮ ಮಿಲಿಮೀಟರು. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹೀಗೆ ಸುಮಾರು ೨೩ ಬಾರಿ ಕವಲೊಡೆದು, ಕೊನೆಗೆ ಕೋಟಿಗಟ್ಟಲೆ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಕೊನೆಯ ಕಿರುನಾಳಗಳ ಅಗಲ ಒಂದು ಮಿಲಿಮೀಟರಿಗಿಂತಲೂ ಕಡಮೆ. ನಾಳಗಳ ಗೋಡೆಯಲ್ಲಿ ಬಳೆಯಂತೆ ಸುತ್ತಿಕೊಂಡ ಸ್ನಾಯುಗಳಿವೆ. ಉಬ್ಬಸದಲ್ಲಿ ಮೂರು ಕೇಡುಗಳು ಒಟ್ಟಿಗೆ ಸಂಭವಿಸುವುವು: ಈ ಸ್ನಾಯುಗಳು ಬಿಗಿಯುತ್ತವೆ, ನಾಳದ ಒಳಪೊರೆ ಉರಿಯೂತದಿಂದ ಊದಿಕೊಳ್ಳುತ್ತದೆ, ಅಂಟಾದ ಕಫ ದಾರಿಗೆ ಅಡ್ಡ ಬರುತ್ತದೆ. ಮೂರರ ಪರಿಣಾಮವೂ ಒಂದೇ, ನಾಳ ಕಿರಿದಾಗುವುದು.

ಕಿರಿದಾದರೆ ಏನಾಯಿತು, ಸ್ವಲ್ಪ ಬಲವಾಗಿ ಉಸಿರಾಡಿದರೆ ಸಾಲದೆ ಎಂದು ಕೇಳಬಹುದು. ಇಲ್ಲಿಯೇ ಒಂದು ಕ್ರೂರವಾದ ಲೆಕ್ಕ ಅಡಗಿದೆ. ಫ್ರಾನ್ಸಿನ ಪ್ವಾಸೆಯ್ ಎಂಬಾತನು ವೈದ್ಯನಾಗಿದ್ದು, ರಕ್ತದ ಹರಿವನ್ನು ಅರಿಯಲೆಂದು ಸಪುರವಾದ ಗಾಜಿನ ಕೊಳವೆಗಳಲ್ಲಿ ದ್ರವವನ್ನು ಹರಿಸಿ ಅಳೆದನು. ೧೮೪೦ರ ಸುಮಾರಿಗೆ ಅವನು ಕಂಡ ನಿಯಮವನ್ನು ಭೌತವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಬಲ್ಲರು: ಒಂದೇ ಒತ್ತಡದಲ್ಲಿ ಕೊಳವೆಯೊಳಗಿನ ಹರಿವು ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಕಾಲುಭಾಗವೂ ಆಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ತ್ರಿಜ್ಯ ಐದರಲ್ಲಿ ಒಂದು ಪಾಲಿನಷ್ಟು ತಗ್ಗಿದರೂ ಹರಿವು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ದೊಡ್ಡ ನಾಳಗಳಲ್ಲಿ ಗಾಳಿ ಸುಳಿಸುಳಿಯಾಗಿ ಹರಿಯುವುದರಿಂದ ಅಲ್ಲಿ ಈ ನಿಯಮ ಅಕ್ಷರಶಃ ಹೊಂದದು. ಆದರೆ ಸಪುರವಾದ ನಾಳಗಳಲ್ಲಿ ನಡೆಯುವ ಅನಾಹುತದ ಸ್ವರೂಪವನ್ನು ಅದು ಸರಿಯಾಗಿಯೇ ತೋರಿಸುತ್ತದೆ.

ಅದೇ ಲೆಕ್ಕದಲ್ಲಿ ನಮಗೊಂದು ಸಮಾಧಾನವೂ ಇದೆ. ಬಿಗಿದ ನಾಳವನ್ನು ಕೂದಲೆಳೆಯಷ್ಟು ಹಿಗ್ಗಿಸಿದರೂ ಗಾಳಿಯ ಹರಿವು ಬಹಳವಾಗಿ ಹೆಚ್ಚುತ್ತದೆ. ಶ್ವಾಸನಾಳವನ್ನು ಹಿಗ್ಗಿಸುವ ಮದ್ದು ಸ್ವಲ್ಪವೇ ಸಾಕಾಗುವುದು ಇದರಿಂದಲೇ.

ಹೊಗೆಯಿಂದ ಅಳತೆಯ ಮದ್ದಿಗೆ

ಮದ್ದನ್ನು ಉಸಿರಿನ ದಾರಿಯಲ್ಲಿಯೇ ಕಳುಹಿಸುವ ಯೋಚನೆ ಹೊಸದಲ್ಲ. ದತ್ತೂರಿಯ ಎಲೆ ಬೇರುಗಳನ್ನು ಸುಟ್ಟು ಹೊಗೆ ಸೇದುವ ಪದ್ಧತಿ ನಮ್ಮ ದೇಶದಲ್ಲಿ ಹಿಂದಿನಿಂದಲೂ ಇದ್ದಿತು. ೧೮೦೨ರಲ್ಲಿ ಅದು ಮದರಾಸಿನಿಂದ ಇಂಗ್ಲೆಂಡಿಗೂ ಹೋಗಿ ಅಲ್ಲಿಯ ವೈದ್ಯರ ಕೈಗೆ ಸೇರಿತು. ದತ್ತೂರಿಯಲ್ಲಿ ನಾಳಗಳ ಬಿಗಿತವನ್ನು ಸಡಿಲಿಸುವ ಅಟ್ರೊಪೀನ್ ಜಾತಿಯ ವಸ್ತುಗಳು ಇರುವುದು ನಿಜ. ಆದರೆ ಅವು ಘೋರವಾದ ವಿಷಗಳೂ ಹೌದು. ಹೊಗೆಯಲ್ಲಿ ಎಷ್ಟು ವಿಷ ಬಂದಿತೆಂದು ಅಳೆಯುವವರಾರು? ಮೇಲಾಗಿ ಹೊಗೆಯೇ ನಾಳವನ್ನು ಕೆರಳಿಸುತ್ತದೆ. ಇಂದು ಯಾರೂ ಅದನ್ನು ಮಾಡಿ ನೋಡತಕ್ಕದ್ದಲ್ಲ. ಕೊರತೆಯಿದ್ದುದು ಮದ್ದಿನದಲ್ಲ, ಅಳತೆಯದು.

ಈ ಕೊರತೆ ನೀಗಿದ ಕಥೆ ಸ್ವಾರಸ್ಯವಾಗಿದೆ. ೧೯೫೫ರಲ್ಲಿ ಅಮೆರಿಕದ ರೈಕರ್ ಪ್ರಯೋಗಶಾಲೆಗಳ ಅಧ್ಯಕ್ಷನಾಗಿದ್ದ ಜಾರ್ಜ್ ಮೇಸನ್ ಎಂಬವನಿಗೆ ಉಬ್ಬಸದ ತೊಂದರೆಯಿದ್ದ ಹದಿಮೂರು ವರ್ಷದ ಮಗಳಿದ್ದಳು. ಅಂದಿನ ಗಾಜಿನ ತುಂತುರು ಉಪಕರಣದಲ್ಲಿ ರಬ್ಬರ್ ಬುಗ್ಗೆಯನ್ನು ಹಿಸುಕಿ ಮದ್ದು ಸೇದುವುದು ಆಕೆಗೆ ಬೇಸರ ತಂದಿತ್ತು. ತಲೆಗೂದಲಿಗೆ ಸಿಂಪಡಿಸುವ ದ್ರವ ಡಬ್ಬಿಯಲ್ಲಿ ಬರುವಂತೆ ತನ್ನ ಮದ್ದೂ ಏಕೆ ಬರಬಾರದೆಂದು ಆಕೆ ತಂದೆಯನ್ನು ಕೇಳಿದಳು. ಒಬ್ಬ ಬಾಲಕಿಯ ಆ ಪ್ರಶ್ನೆಯಿಂದ ೧೯೫೬ರಲ್ಲಿ, ಪ್ರತಿ ಒತ್ತಿಗೂ ನಿಶ್ಚಿತ ಪ್ರಮಾಣದ ಮದ್ದನ್ನು ಹೊರಬಿಡುವ ಮೊದಲನೆಯ ಡಬ್ಬಿ ಮಾರುಕಟ್ಟೆಗೆ ಬಂದಿತು.

ಡಬ್ಬಿಯ ಒಳಗಿರುವುದು ಒತ್ತಡದಿಂದ ದ್ರವವಾಗಿ ನಿಂತ ಒಂದು ಅನಿಲ. ಮೊದಲು ಇದಕ್ಕೆ ಕ್ಲೋರೊಫ್ಲೂರೊಕಾರ್ಬನ್ನುಗಳನ್ನು ಬಳಸುತ್ತಿದ್ದರು. ಅವು ವಾಯುಮಂಡಲದ ಓಜೋನ್ ಪದರಕ್ಕೆ ಹಾನಿ ಮಾಡುವುದು ತಿಳಿದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕ್ರಮೇಣ ಅವುಗಳ ಜಾಗಕ್ಕೆ ಬೇರೆ ಅನಿಲಗಳು ಬಂದವು. ಅವುಗಳಲ್ಲಿ ಬಹುವಾಗಿ ಬಳಕೆಯಾದುದು ಸೊನ್ನೆಗಿಂತ ೨೬ ಡಿಗ್ರಿ ಸೆಲ್ಸಿಯಸ್ ಕೆಳಗೆಯೇ ಕುದಿಯುತ್ತದೆ. ಆದುದರಿಂದ ಕೋಣೆಯ ಉಷ್ಣತೆಯಲ್ಲಿ ಡಬ್ಬಿಯ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಆರರಷ್ಟಿರುತ್ತದೆ. ಒತ್ತಿದಾಗ ಕವಾಟದ ಪುಟ್ಟ ಕೋಣೆಯೊಂದರಲ್ಲಿ ಅಳೆದಿಟ್ಟ ದ್ರವ ಮಾತ್ರ ಹೊರಗೆ ಚಿಮ್ಮಿ, ಚಿಮ್ಮಿದ ಕೂಡಲೆ ಕುದಿದು ಆವಿಯಾಗಿ, ಮದ್ದನ್ನು ಸೂಕ್ಷ್ಮ ಕಣಗಳ ಮೋಡವಾಗಿ ಬಿಡುತ್ತದೆ.

ಪ್ರಮಾಣದ ವ್ಯತ್ಯಾಸವನ್ನು ನೋಡಿ. ಸಾಲ್ಬ್ಯುಟಮಾಲ್ ಎಂಬ ಪ್ರಸಿದ್ಧವಾದ ಮದ್ದಿನ ಮಾತ್ರೆಯಲ್ಲಿ ೨ ಅಥವಾ ೪ ಮಿಲಿಗ್ರಾಂ ಇರುವುದು. ಡಬ್ಬಿಯ ಒಂದು ಒತ್ತಿನಲ್ಲಿ ಇರುವುದು ಸಾಮಾನ್ಯವಾಗಿ ೧೦೦ ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲು. ಮಾತ್ರೆಯ ಮದ್ದು ಹೊಟ್ಟೆಯಲ್ಲಿ ಕರಗಿ, ರಕ್ತದಲ್ಲಿ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಡಬ್ಬಿಯ ಮದ್ದು ನೇರವಾಗಿ ಬೇಕಾದಲ್ಲಿಗೇ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ‘ಪಂಪು ಬಲವಾದ ಮದ್ದು, ಕೊನೆಯ ಘಟ್ಟಕ್ಕೆ ಮಾತ್ರ’ ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುವುದುಂಟು. ಲೆಕ್ಕ ಇದಕ್ಕೆ ವಿರುದ್ಧವಾಗಿದೆ.

ಕಣದ ಪ್ರಯಾಣ

ಈಗ ಮೋಡದೊಳಗಿನ ಒಂದು ಕಣವನ್ನು ಹಿಂಬಾಲಿಸೋಣ. ಅದು ಬಾಯಿಂದ ಗಂಟಲಿಗೆ ಹೋಗುವಾಗ ಹೆಚ್ಚುಕಡಮೆ ಲಂಬಕೋನದ ಒಂದು ತಿರುವನ್ನು ದಾಟಬೇಕು. ಗಾಳಿ ಸುಲಭವಾಗಿ ತಿರುಗುವುದು. ಕಣಕ್ಕೆ ಜಡತ್ವವಿದೆ, ಅದು ನೇರವಾಗಿ ಹೋಗಲೆಳಸುವುದು. ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಗೊತ್ತು: ಹೊಟ್ಟು ಗಾಳಿಯೊಡನೆ ತೇಲಿಹೋಗುತ್ತದೆ, ಕಾಳು ಗಾಳಿಯ ಮಾತು ಕೇಳದೆ ತನ್ನ ದಾರಿ ಹಿಡಿಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಐದು ಮೈಕ್ರಾನಿಗಿಂತ ದಪ್ಪವಾದ ಕಣಗಳು ಕಾಳಿನಂತೆ ಬಹುಮಟ್ಟಿಗೆ ಗಂಟಲಿನ ಗೋಡೆಗೇ ಬಡಿದು ಅಂಟಿಕೊಳ್ಳುವುವು. ಸುಮಾರು ಒಂದರಿಂದ ಐದು ಮೈಕ್ರಾನಿನ ಕಣಗಳು ಹೊಟ್ಟಿನಂತೆ ತಿರುವನ್ನು ದಾಟಿ ಕಿರುನಾಳಗಳವರೆಗೆ ಹೋಗಬಲ್ಲವು. ಇನ್ನೂ ಸಣ್ಣ ಕಣಗಳಲ್ಲಿ ಹಲವು ಎಲ್ಲಿಯೂ ನೆಲೆಸದೆ, ಬಂದ ಉಸಿರಿನೊಡನೆ ಹಿಂದಿರುಗುವುವು.

ಕಣದ ಗಾತ್ರದಂತೆ ವೇಗವೂ ಮುಖ್ಯ. ಉಸಿರನ್ನು ರಭಸದಿಂದ ಎಳೆದರೆ, ತಿರುವನ್ನು ದಾಟಬಹುದಾಗಿದ್ದ ಕಣಗಳೂ ಗೋಡೆಗೆ ಬಡಿಯುತ್ತವೆ. ಆದುದರಿಂದ ಈ ಜಾತಿಯ ಡಬ್ಬಿಯಿಂದ ಮದ್ದನ್ನು ನಿಧಾನವಾಗಿ ಎಳೆದುಕೊಳ್ಳಬೇಕು.

ಕಿರುನಾಳವನ್ನು ತಲಪಿದ ಕಣ ಅಲ್ಲಿ ಗೋಡೆಯ ಮೇಲೆ ಇಳಿಯಬೇಕಲ್ಲ, ಅದಕ್ಕೆ ಎಷ್ಟು ಹೊತ್ತು ಹಿಡಿದೀತು? ಸ್ಟೋಕ್ಸನು ೧೮೫೧ರಲ್ಲಿ ಕೊಟ್ಟ ನಿಯಮದಿಂದ ಇದನ್ನು ಲೆಕ್ಕ ಹಾಕಬಹುದು. ಮಿಲಿಕನ್ನನು ಎಣ್ಣೆಯ ಹನಿಗಳಿಂದ ಎಲೆಕ್ಟ್ರಾನಿನ ಆವೇಶವನ್ನು ಅಳೆಯುವಾಗ ಬಳಸಿಕೊಂಡುದೂ ಇದೇ ನಿಯಮವನ್ನೇ. ಗಾಳಿಯ ಸ್ನಿಗ್ಧತೆಯಿಂದಾಗಿ ಸಣ್ಣ ಕಣಗಳು ಬಹುಬೇಗ ಒಂದು ಸ್ಥಿರವಾದ ಅಂತಿಮ ವೇಗಕ್ಕೆ ಬರುತ್ತವೆ, ಆ ವೇಗ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ನೀರಿನಷ್ಟು ಸಾಂದ್ರತೆಯಿರುವ ೫ ಮೈಕ್ರಾನಿನ ಕಣ ಸೆಕೆಂಡಿಗೆ ಸುಮಾರು ಮುಕ್ಕಾಲು ಮಿಲಿಮೀಟರು ಇಳಿಯುವುದು. ೩ ಮೈಕ್ರಾನಿನದು ಕಾಲು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ೧ ಮೈಕ್ರಾನಿನದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಮಾತ್ರ. ಕಿರುನಾಳದ ಅಗಲ ಒಂದು ಮಿಲಿಮೀಟರಿಗಿಂತ ಕಡಮೆ ಎಂದು ಹೇಳಿದೆವು. ಹಾಗಾದರೆ ೩ ಮೈಕ್ರಾನಿನ ಕಣಕ್ಕೆ ಗೋಡೆ ಸೇರಲು ಮೂರು ನಾಲ್ಕು ಸೆಕೆಂಡುಗಳಾದರೂ ಬೇಕು, ಅದಕ್ಕಿಂತ ಸಣ್ಣದಕ್ಕೆ ಇನ್ನೂ ಹೆಚ್ಚು. ಕೂಡಲೆ ಉಸಿರು ಬಿಟ್ಟರೆ ಕಣಗಳು ಇಳಿಯುವ ಮೊದಲೇ ಹೊರಟುಹೋಗುವುವು. ಮದ್ದು ಎಳೆದ ಮೇಲೆ ಹತ್ತು ಸೆಕೆಂಡು ಉಸಿರು ಹಿಡಿಯಿರಿ ಎಂದು ವೈದ್ಯರು ಹೇಳುವ ಮಾತಿನ ಹಿಂದೆ ಸ್ಟೋಕ್ಸನ ಸಮೀಕರಣ ನಿಂತಿದೆ.

ಎಲ್ಲವನ್ನೂ ಸರಿಯಾಗಿ ಮಾಡಿದಾಗಲೂ ಇಂಥ ಸಾಮಾನ್ಯ ಡಬ್ಬಿಯಿಂದ ಎದೆಗೆ ಸೇರುವುದು ಹೆಚ್ಚಾಗಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಉಳಿದುದು ಬಾಯಿ ಗಂಟಲುಗಳಲ್ಲಿಯೇ ನಿಲ್ಲುವುದು. ಆ ಒಂದೆರಡು ಪಾಲೂ ತಪ್ಪಿಹೋದರೆ ರೋಗಿಗೆ ಉಳಿಯುವುದೇನು?

ಬಳಸುವ ಕ್ರಮ

ಇಷ್ಟು ತಿಳಿದ ಮೇಲೆ, ಡಬ್ಬಿಯೊಡನೆ ಬರುವ ಸೂಚನೆಗಳು ಒಣ ವಿಧಿಗಳಾಗಿ ಉಳಿಯುವುದಿಲ್ಲ.

ಮೊದಲು ಮುಚ್ಚಳವನ್ನು ತೆಗೆದು, ಬಾಯಿಗೆ ಹಿಡಿಯುವ ಭಾಗದಲ್ಲಿ ಏನೂ ಸಿಕ್ಕಿಕೊಂಡಿಲ್ಲವೆಂದು ನೋಡಬೇಕು. ಜೇಬಿನಲ್ಲಿದ್ದ ಗುಂಡಿಯೋ ನಾಣ್ಯವೋ ಉಸಿರಿನೊಡನೆ ಒಳಗೆ ಹೋಗಿ ಅನಾಹುತವಾದೀತು. ಬಳಿಕ ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು. ಸಾಲ್ಬ್ಯುಟಮಾಲ್ ಈ ದ್ರವದಲ್ಲಿ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ. ಕುಲುಕದಿದ್ದರೆ ಒಂದು ಒತ್ತಿನಲ್ಲಿ ಮದ್ದು ಹೆಚ್ಚು, ಇನ್ನೊಂದರಲ್ಲಿ ಕಡಮೆ ಬರುವುದು. ಡಬ್ಬಿ ಹೊಸದಾಗಿದ್ದರೆ, ಅಥವಾ ಹಲವು ದಿನ ಬಳಸದೆ ಇದ್ದರೆ, ಸೂಚನಾಪತ್ರದಲ್ಲಿ ಹೇಳಿದಷ್ಟು ಸಲ ಗಾಳಿಗೆ ಸಿಂಪಡಿಸಿ ಕವಾಟವನ್ನು ಸಿದ್ಧಗೊಳಿಸಬೇಕು.

ನೆಟ್ಟಗೆ ಕುಳಿತು ಅಥವಾ ನಿಂತು, ಸಾಧ್ಯವಾದಷ್ಟು ಉಸಿರನ್ನು ಹೊರಗೆ ಬಿಡಬೇಕು. ತುಟಿಗಳಿಂದ ಬಾಯಿತುದಿಯನ್ನು ಬಿಗಿಯಾಗಿ ಮುಚ್ಚಿ, ಬಾಯಿಯ ಮೂಲಕ ನಿಧಾನವಾಗಿ ಉಸಿರೆಳೆಯಲು ಆರಂಭಿಸಿ, ಆರಂಭಿಸಿದ ಕೂಡಲೆ ಒಂದೇ ಬಾರಿ ಒತ್ತಬೇಕು. ಒತ್ತಿದ ಮೇಲೂ ಮೂರರಿಂದ ಐದು ಸೆಕೆಂಡುಗಳ ಕಾಲ ಎಳೆಯುತ್ತಲೇ ಇರಬೇಕು. ಬಳಿಕ ಹತ್ತು ಸೆಕೆಂಡು, ಅಥವಾ ಸಾಧ್ಯವಾದಷ್ಟು ಹೊತ್ತು, ಉಸಿರು ಹಿಡಿಯಬೇಕು. ಎರಡನೆಯ ಒತ್ತು ಬೇಕಾದರೆ ಅರ್ಧ ನಿಮಿಷದಿಂದ ಒಂದು ನಿಮಿಷ ತಡೆದು, ಮತ್ತೆ ಕುಲುಕಿ, ಮೊದಲಿನಿಂದ ಆರಂಭಿಸಬೇಕು. ಒಂದು ಉಸಿರಿಗೆ ಎರಡು ಮೂರು ಬಾರಿ ಒತ್ತುವುದರಿಂದ ಏನೂ ಲಾಭವಿಲ್ಲ.

ನಡುಗೊಳವೆ ಮತ್ತು ಪುಡಿಮದ್ದು

ಒತ್ತುವ ಕ್ಷಣವನ್ನೂ ಎಳೆಯುವ ಕ್ಷಣವನ್ನೂ ಹೊಂದಿಸುವುದು ಎಲ್ಲರಿಗೂ ಸುಲಭವಲ್ಲ. ಎದೆ ಬಿಗಿದು ಗಾಬರಿಯಾದವನಿಗಂತೂ ಬಹಳ ಕಷ್ಟ. ಇದಕ್ಕಾಗಿ ಸ್ಪೇಸರ್ ಎಂಬ ಸಾಧನವಿದೆ. ಅದು ಡಬ್ಬಿಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳಾದ ಕೊಳವೆ, ಅಷ್ಟೆ. ಮೋಡ ಅದರೊಳಗೆ ವೇಗವನ್ನು ಕಳೆದುಕೊಳ್ಳುತ್ತದೆ, ಕಣಗಳ ಸುತ್ತಲಿನ ದ್ರವ ಆವಿಯಾಗಿ ಅವು ಸಣ್ಣವಾಗುತ್ತವೆ, ದಪ್ಪ ಕಣಗಳು ಗಂಟಲಿಗೆ ಬದಲಾಗಿ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತವೆ. ರೋಗಿ ಅವಸರವಿಲ್ಲದೆ ಎಳೆದುಕೊಳ್ಳಬಹುದು. ಆಗಲೂ ಒಂದು ಸಲಕ್ಕೆ ಒಂದೇ ಒತ್ತು, ಒತ್ತಿದ ಕೂಡಲೆ ಉಸಿರೆಳೆತ. ಉಸಿರು ಹಿಡಿಯಲಾರದ ಮಕ್ಕಳು ಕೊಳವೆಯ ಮೂಲಕ ನಾಲ್ಕೈದು ಬಾರಿ ಸಹಜವಾಗಿ ಉಸಿರಾಡಿದರೆ ಸಾಕು.

ಇಲ್ಲಿ ಸ್ಥಿರವಿದ್ಯುತ್ತಿನ ಪಾಠವೂ ಒಂದಿದೆ. ಪ್ಲಾಸ್ಟಿಕ್ಕಿನ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದಾಗ ಅವು ಹಾರಿ ಅಂಟುವುದನ್ನು ಕಂಡಿದ್ದೀರಿ. ಪ್ಲಾಸ್ಟಿಕ್ಕಿನ ಸ್ಪೇಸರನ್ನು ತೊಳೆದು ಬಟ್ಟೆಯಿಂದ ಉಜ್ಜಿ ಒರಸಿದರೆ ಅದೂ ಹಾಗೆಯೇ ಆವೇಶವನ್ನು ಪಡೆದು, ಮದ್ದಿನ ಕಣಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಆದುದರಿಂದ ಅದನ್ನು ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಒರಸದೆ, ತಾನಾಗಿ ಆರಲು ಬಿಡಬೇಕು. ಗೋಡೆಯ ಮೇಲೆ ಉಳಿದ ಸೋಪಿನ ತೆಳುಪೊರೆ ಆವೇಶವನ್ನು ನಿಲ್ಲಗೊಡುವುದಿಲ್ಲ.

ನಮ್ಮ ದೇಶದಲ್ಲಿ ಪುಡಿಮದ್ದಿನ ಉಪಕರಣವೂ ಬಹಳವಾಗಿ ಬಳಕೆಯಲ್ಲಿದೆ. ಇದರಲ್ಲಿ ಕ್ಯಾಪ್ಸೂಲನ್ನು ಇಟ್ಟು ಒಡೆದು, ಒಳಗಿನ ಪುಡಿಯನ್ನು ಉಸಿರಿನಿಂದ ಎಳೆಯುತ್ತಾರೆ. ಇದರ ನಿಯಮ ಡಬ್ಬಿಯದಕ್ಕೆ ತೀರ ವಿರುದ್ಧ. ಇಲ್ಲಿ ಒತ್ತಡದ ಅನಿಲವಿಲ್ಲ. ಪುಡಿಯ ಉಂಡೆಗಳನ್ನು ಬಿಡಿಸಿ ಹಾರಿಸುವ ಶಕ್ತಿ ರೋಗಿಯ ಉಸಿರಿನಿಂದಲೇ ಬರಬೇಕು. ಆದುದರಿಂದ ಇದನ್ನು ಬಲವಾಗಿ, ಆಳವಾಗಿ ಎಳೆಯಬೇಕು. ಉಪಕರಣದೊಳಕ್ಕೆ ಉಸಿರು ಬಿಟ್ಟರೆ ಅದರ ತೇವದಿಂದ ಪುಡಿ ಗಂಟುಕಟ್ಟುವುದು. ಈ ಕ್ಯಾಪ್ಸೂಲನ್ನು ಮಾತ್ರೆಯೆಂದು ಭ್ರಮಿಸಿ ನುಂಗುವವರೂ ಇದ್ದಾರೆ. ಅದು ಸೇದುವ ಮದ್ದು, ನುಂಗುವುದಲ್ಲ.

ಡಬ್ಬಿ ಮುಗಿಯಿತೆಂಬುದನ್ನು ತಿಳಿಯುವುದೂ ಒಂದು ಸಮಸ್ಯೆ. ಮದ್ದು ತೀರಿದ ಮೇಲೂ ಅನಿಲ ಉಳಿದಿದ್ದು ತುಂತುರು ಬರುತ್ತಲೇ ಇರಬಹುದು. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಪರೀಕ್ಷೆಯನ್ನು ನಂಬುವಂತಿಲ್ಲ, ಅದರಿಂದ ಕವಾಟವೂ ಕೆಡಬಹುದು. ಎಣಿಕೆಯ ಕಿಂಡಿಯಿದ್ದರೆ ಅದನ್ನು ನೋಡಬೇಕು, ಇಲ್ಲದಿದ್ದರೆ ಬಳಸಿದ ಒತ್ತುಗಳನ್ನು ಗುರುತು ಹಾಕಿಕೊಳ್ಳಬೇಕು. ಡಬ್ಬಿಯನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಾಗಲಿ ಒಲೆಯ ಬಳಿಯಲ್ಲಾಗಲಿ ಇಡಬಾರದು. ಉಷ್ಣತೆ ಏರಿದಂತೆ ಒಳಗಿನ ಒತ್ತಡ ಏರಿ ಅದು ಸಿಡಿಯಬಹುದು. ಬರಿದಾದುದನ್ನೂ ತೂತು ಮಾಡಬಾರದು, ಬೆಂಕಿಗೆ ಹಾಕಬಾರದು.

ಎರಡನೆಯ ಅಪಾಯ

ಇಷ್ಟರವರೆಗೆ ಮದ್ದು ಎದೆಗೆ ಇಳಿಯದಿರುವ ಅಪಾಯವನ್ನು ಕುರಿತು ಹೇಳಿದುದಾಯಿತು. ಎರಡನೆಯ ಅಪಾಯವನ್ನು ಜಗತ್ತು ಬಹಳ ದುಬಾರಿಯಾದ ಬೆಲೆ ತೆತ್ತು ಕಲಿಯಿತು.

ಮೊದಲಿನ ಡಬ್ಬಿಗಳಲ್ಲಿ ಇದ್ದುದು ಅಡ್ರಿನಲಿನ್ ಮತ್ತು ಐಸೊಪ್ರೆನಲಿನ್ ಎಂಬ ಮದ್ದುಗಳು. ಅವು ಶ್ವಾಸನಾಳವನ್ನು ಹಿಗ್ಗಿಸುವುದರೊಡನೆ ಹೃದಯವನ್ನೂ ಓಡಿಸುತ್ತಿದ್ದವು. ೧೯೬೦ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯ ಮೊದಲಾದ ಕೆಲವು ದೇಶಗಳಲ್ಲಿ ಉಬ್ಬಸದಿಂದ ಸಾಯುವ ಎಳೆಯರ ಸಂಖ್ಯೆ ಒಮ್ಮೆಲೆ ಏರಿತು. ೧೦ರಿಂದ ೧೪ ವರ್ಷದ ಮಕ್ಕಳಲ್ಲಿ ಅದು ಹಲವು ಪಟ್ಟಾಯಿತು. ಈ ಏರಿಕೆ ಐಸೊಪ್ರೆನಲಿನಿನ ತೀವ್ರ ಪ್ರಮಾಣದ ಡಬ್ಬಿಗಳು ಹರಡಿದ ಕಡೆಗಳಲ್ಲಿ ಕಂಡುಬಂದಿತು. ಇಂಗ್ಲೆಂಡಿನಲ್ಲಿ ವೈದ್ಯರಿಗೆ ಎಚ್ಚರಿಕೆ ಕೊಟ್ಟು, ೧೯೬೮ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿದ ಮೇಲೆ ಸಾವು ಇಳಿಯಿತು. ೧೯೬೯ರಲ್ಲಿ ಡೇವಿಡ್ ಜ್ಯಾಕ್ ಎಂಬ ವಿಜ್ಞಾನಿಯ ತಂಡ ರೂಪಿಸಿದ ಸಾಲ್ಬ್ಯುಟಮಾಲ್ ಬಳಕೆಗೆ ಬಂದಿತು. ಇದು ಹೃದಯಕ್ಕಿಂತ ಹೆಚ್ಚಾಗಿ ಶ್ವಾಸನಾಳದ ಸ್ನಾಯುಗಳ ಮೇಲೆ ಕೆಲಸ ಮಾಡುತ್ತದೆ. ಆದರೂ ಪಾಠ ಮುಗಿಯಲಿಲ್ಲ. ೧೯೭೬ರಲ್ಲಿ ನ್ಯೂಜಿಲೆಂಡಿಗೆ ಫೆನೊಟೆರಾಲ್ ಎಂಬ ಇನ್ನೊಂದು ಮದ್ದು ಬಂದ ಮೇಲೆ ಅಲ್ಲಿಯೂ ಸಾವು ಏರಿತು. ೧೯೮೯ರಲ್ಲಿ ಅಲ್ಲಿಯ ಸಂಶೋಧಕರು ಈ ಸಂಬಂಧವನ್ನು ಎತ್ತಿ ತೋರಿಸಿದರು; ಅದರ ಬಳಕೆ ಕುಗ್ಗಿದ ಮೇಲೆ ಸಾವೂ ಇಳಿಯಿತು.

ಮದ್ದಿನ ವಿಷಗುಣ ಎಷ್ಟು, ಮದ್ದನ್ನೇ ನಂಬಿ ಆಸ್ಪತ್ರೆಗೆ ತಡವಾಗಿ ಹೋದುದು ಎಷ್ಟು ಎಂಬುದನ್ನು ಕುರಿತು ತಜ್ಞರಲ್ಲಿ ಬಹುಕಾಲ ಚರ್ಚೆ ನಡೆಯಿತು. ನಮಗೆ ಬೇಕಾದ ತತ್ತ್ವ ಸ್ಪಷ್ಟವಾಗಿದೆ. ಮೇಲೆ ಹೇಳಿದ ಮೂರು ಕೇಡುಗಳಲ್ಲಿ ಈ ಮದ್ದು ಸ್ನಾಯುವಿನ ಬಿಗಿತವೊಂದನ್ನು ಮಾತ್ರ ಸಡಿಲಿಸುತ್ತದೆ. ಉರಿಯೂತವನ್ನು ಅದು ಮುಟ್ಟುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಕಿಟಕಿ ತೆರೆದು ಹೊಗೆಯನ್ನು ಹೊರಗೆ ಬಿಟ್ಟಂತೆ, ಸುಖ ದೊರೆಯುತ್ತದೆ, ಬೆಂಕಿ ಉರಿಯುತ್ತಲೇ ಇರುತ್ತದೆ. ಬೆಂಕಿಯನ್ನು ಆರಿಸುವುದು ಸ್ಟೆರಾಯ್ಡ್ ಜಾತಿಯ ಪ್ರತಿಬಂಧಕ ಮದ್ದು. ೧೯೭೨ರಲ್ಲಿ ಬೆಕ್ಲೊಮೆಥಸೋನ್ ಡಬ್ಬಿಯಲ್ಲಿ ಬಂದಂದಿನಿಂದ ಇದನ್ನೂ ಮೈಕ್ರೋಗ್ರಾಮುಗಳ ಅಳತೆಯಲ್ಲಿ ಸೇದಬಹುದಾಗಿದೆ. ಅದು ಕೂಡಲೆ ಸುಖ ಕೊಡುವುದಿಲ್ಲ. ದಿನವೂ ತೆಗೆದುಕೊಂಡರೆ ಕ್ರಮೇಣ ಕೆಲಸ ಮಾಡುತ್ತದೆ. ಆದುದರಿಂದಲೇ ಜನರು ಅದನ್ನು ಬಿಟ್ಟು, ತಟ್ಟನೆ ಸುಖ ಕೊಡುವುದನ್ನು ಹಿಡಿಯುತ್ತಾರೆ. ಪ್ರತಿಬಂಧಕವನ್ನು ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬೂಷ್ಟಿನ ಸೋಂಕು ತಗಲಬಹುದು.

ಬ್ರಿಟನ್ನಿನಲ್ಲಿ ಉಬ್ಬಸದಿಂದಾದ ೧೯೫ ಸಾವುಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಉಪಶಮನದ ಡಬ್ಬಿಗಳ ಲೆಕ್ಕ ದೊರೆತ ೧೬೫ ಮಂದಿಯಲ್ಲಿ ೬೫ ಮಂದಿಗೆ, ಸಾವಿಗೆ ಹಿಂದಿನ ಒಂದು ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಡಬ್ಬಿಗಳನ್ನು ಬರೆದುಕೊಡಲಾಗಿತ್ತು. ೨೦೧೯ರಿಂದ ಉಬ್ಬಸವನ್ನು ಕುರಿತ ಅಂತರರಾಷ್ಟ್ರೀಯ ಮಾರ್ಗದರ್ಶಿ, ಹನ್ನೆರಡು ವರ್ಷಕ್ಕೆ ಮೇಲ್ಪಟ್ಟವರು ಅಲ್ಪಾವಧಿಯ ಉಪಶಮನಕಾರಿಯೊಂದನ್ನೇ ನೆಚ್ಚಿಕೊಂಡಿರಬಾರದೆಂದೂ, ಸ್ಟೆರಾಯ್ಡ್ ಮದ್ದು ಚಿಕಿತ್ಸೆಯಲ್ಲಿ ಸೇರಿರಬೇಕೆಂದೂ ಹೇಳುತ್ತಿದೆ. ೨೦೦ ಒತ್ತುಗಳ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖರ್ಚಾದರೆ ಅದೇ ಎಚ್ಚರಿಕೆಯ ಗುರುತು. ಯಾವ ಮದ್ದು, ಎಷ್ಟು ಎಂಬುದನ್ನು ನಿರ್ಧರಿಸುವವರು ವೈದ್ಯರು. ಎಷ್ಟು ಒತ್ತಿದೆವೆಂಬುದನ್ನು ಎಣಿಸಿ ಅವರಿಗೆ ಹೇಳಬೇಕಾದವರು ನಾವು.

ಈ ಮಾತು ದೂರದ ದೇಶಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಬೆಂಗಳೂರಿನ ಡಾಕ್ಟರ್ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ, ೧೯೭೯ರಲ್ಲಿ ನೂರಕ್ಕೆ ೯ರಷ್ಟಿದ್ದ ಉಬ್ಬಸ ೧೯೯೯ರ ವೇಳೆಗೆ ೨೯.೫ಕ್ಕೆ ಏರಿದ್ದಿತು.

ಯಾವಾಗ ಎಚ್ಚರಗೊಳ್ಳಬೇಕು

ಮದ್ದು ಸೇದಿದ ಮೇಲೆ ಕೈ ಸ್ವಲ್ಪ ನಡುಗುವುದು, ಎದೆ ಹೊಡೆದುಕೊಳ್ಳುವುದು ಸಾಮಾನ್ಯ. ಅದು ಬೇಗನೆ ಇಳಿಯುವುದು. ಅತಿಯಾಗಿ ಬಳಸಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ತಗ್ಗಿ ಹೃದಯದ ಬಡಿತ ಏರುಪೇರಾಗಬಹುದು. ರಕ್ತದೊತ್ತಡಕ್ಕೋ ಹೃದಯಕ್ಕೋ ಮದ್ದು ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳಬೇಕು. ಪ್ರೊಪ್ರನಲಾಲ್ ಮುಂತಾದ ಮದ್ದುಗಳು ನಾಳವನ್ನು ಬಿಗಿದು ಉಬ್ಬಸವನ್ನೇ ಕೆರಳಿಸಬಲ್ಲವು. ಒಬ್ಬರಿಗೆ ಬರೆದುಕೊಟ್ಟ ಡಬ್ಬಿಯನ್ನು ಇನ್ನೊಬ್ಬರು ಬಳಸುವ ಅಭ್ಯಾಸವೂ ಒಳ್ಳೆಯದಲ್ಲ.

ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದಿರುವುದು, ತುಟಿ ನೀಲಿಗಟ್ಟುವುದು, ಮಂಕು ಕವಿಯುವುದು, ಒಮ್ಮೆ ಸೇದಿದ ಮದ್ದಿನ ಸುಖ ನಾಲ್ಕು ಗಂಟೆಯೂ ನಿಲ್ಲದಿರುವುದು, ಇವು ಅಪಾಯದ ಗುರುತುಗಳು. ಸುಂಯ್ ಎಂಬ ಸದ್ದು ನಿಂತಿತೆಂದು ಯಾವಾಗಲೂ ಸಂತೋಷಪಡುವಂತಿಲ್ಲ. ಸದ್ದಾಗಲು ಗಾಳಿ ಹರಿಯಬೇಕು. ಉಸಿರಿಗಾಗಿ ಒದ್ದಾಡುತ್ತಿರುವವನ ಎದೆ ಮೌನವಾಗಿದ್ದರೆ ಗಾಳಿಯೇ ಹರಿಯುತ್ತಿಲ್ಲವೆಂದು ಅರ್ಥ.

ಆಸ್ಟ್ರೇಲಿಯದಲ್ಲಿ ಶಾಲೆಯ ಮಕ್ಕಳಿಗೂ ಕಲಿಸುವ ಒಂದು ಸರಳವಾದ ಕ್ರಮವಿದೆ. ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ, ಸ್ಪೇಸರಿನ ಮೂಲಕ ಉಪಶಮನಕಾರಿಯನ್ನು ಒಂದೊಂದಾಗಿ ೪ ಒತ್ತು ಕೊಡುವುದು, ಪ್ರತಿ ಒತ್ತಿಗೂ ೪ ಉಸಿರು, ಬಳಿಕ ೪ ನಿಮಿಷ ಕಾಯುವುದು. ಸುಧಾರಿಸದಿದ್ದರೆ ಆಂಬುಲೆನ್ಸಿಗೆ ಕರೆ ಕಳುಹಿಸಿ, ಅದು ಬರುವ ತನಕ ಇದನ್ನೇ ಮುಂದುವರಿಸುವುದು. ನಮ್ಮ ರಾಜ್ಯದಲ್ಲಿ ಕರೆಯಬೇಕಾದ ಸಂಖ್ಯೆ ೧೦೮. ಮೇಲೆ ಹೇಳಿದ ಅಪಾಯದ ಗುರುತುಗಳು ಕಂಡರೆ ನಾಲ್ಕು ನಿಮಿಷವನ್ನೂ ಕಾಯದೆ ಮೊದಲೇ ಕರೆಯಬೇಕು. ಆ ಬ್ರಿಟಿಷ್ ವರದಿಯ ಪ್ರಕಾರ ಸತ್ತವರಲ್ಲಿ ನೂರಕ್ಕೆ ೪೫ ಮಂದಿ ವೈದ್ಯರ ನೆರವನ್ನು ಕೋರದೆಯೇ, ಅಥವಾ ನೆರವು ತಲಪುವ ಮೊದಲೇ, ತೀರಿಹೋಗಿದ್ದರು.

ನಮ್ಮ ಪ್ರಯೋಗಶಾಲೆಯ ಹುಡುಗ ಮರುದಿನ ವೈದ್ಯರ ಬಳಿ ಹೋದನು. ಅವರು ಅವನ ಕೈಗೆ ಡಬ್ಬಿಯನ್ನು ಕೊಟ್ಟು, “ನೀನು ಹೇಗೆ ಸೇದುತ್ತೀಯೆ, ತೋರಿಸು” ಎಂದರಂತೆ. ಮೂರು ವರ್ಷಗಳಿಂದ ಅದನ್ನು ಬಳಸುತ್ತಿದ್ದ ಅವನನ್ನು ಆ ಪ್ರಶ್ನೆ ಕೇಳಿದವರು ಅವರೇ ಮೊದಲಿಗರು. ಈಗ ಅವನಿಗೆ ಒಂದು ಪ್ರತಿಬಂಧಕ ಮದ್ದೂ ಒಂದು ಸ್ಪೇಸರೂ ಬಂದಿವೆ. ಧೂಳು ಕೊಡವುವ ಕೆಲಸವನ್ನು ನಾವು ಅವನಿಗೆ ಹಚ್ಚುವುದಿಲ್ಲ. ಜೇಬಿನ ಡಬ್ಬಿ ಹಾಗೆಯೇ ಇದೆ; ಅದನ್ನು ತೆಗೆಯುವ ಸಂದರ್ಭ ಈಗ ಅಪರೂಪವೆಂದು ಹೇಳುತ್ತಾನೆ. ಈ ಲೇಖನವನ್ನು ಓದಿದವರ ಮನೆಯಲ್ಲಿಯೂ ಅಂಥದೊಂದು ಡಬ್ಬಿ ಇದ್ದೀತು. ಅದನ್ನು ಬಳಸುವವರನ್ನು ಇಂದೇ ಕೇಳಿ: ಹೇಗೆ ಸೇದುತ್ತೀರಿ, ಒಮ್ಮೆ ತೋರಿಸುವಿರಾ?